ಹೊರಗಿನ ಕನ್ಸಲ್ಟೆಂಟ್‌ನ ತಗೊಳ್ಳೋದಾ, ಬೇಡವಾ? ಸೋಮವಾರದೊಳಗೆ ಉತ್ತರ ಕೊಡಬೇಕು

ಎರಡನೇ ಪಾಳಿ
(ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಘಟಕ. ಶುರುವಾಗಿ 11 ವರ್ಷ, ಈಗ 43 ಜನ ಕೆಲಸಕ್ಕಿದ್ದಾರೆ. ಎರಡು ವರ್ಷದಿಂದ ಆರ್ಡರ್ ಏರುತ್ತಲೇ ಇವೆ, ಆದರೆ ಕೈಯಲ್ಲಿ ಕಾಸು ನಿಲ್ತಿಲ್ಲ. ಸಂಬಳ ಹಾಕುವ ಹೊತ್ತಿಗೆ ಬ್ಯಾಂಕಿನ ಓವರ್‌ಡ್ರಾಫ್ಟ್ ಮಿತಿಗೆ ಬಂದು ತಾಗಿರುತ್ತೆ. ಅದರ ಮೇಲೆ, ಹತ್ತು ಆರ್ಡರ್‌ನಲ್ಲಿ ಮೂರು ಹೇಳಿದ ದಿನಕ್ಕೆ ಹೋಗ್ತಿಲ್ಲ.

ಪರಿಚಯದವರ ಮೂಲಕ ಒಂದು ಕನ್ಸಲ್ಟಿಂಗ್ ಸಂಸ್ಥೆಯವರು ಬಂದಿದ್ರು. ಒಂದು ಮಧ್ಯಾಹ್ನ ಪ್ಲಾಂಟ್ ಸುತ್ತಾಡಿ, ವಾರದೊಳಗೆ 18 ಪುಟದ ಪ್ರಪೋಸಲ್ ಕಳಿಸಿದ್ದಾರೆ. ‘ಸಮಗ್ರ ಪರಿವರ್ತನೆ’ ಅಂತ ಹೆಸರು, ಆರು ತಿಂಗಳ ಕೆಲಸ, ಅರ್ಧ ಫೀಸು ಮುಂಗಡ. ಬಂದು ಮಾತಾಡಿದ ಹಿರಿಯರು ನಿಜಕ್ಕೂ ತಿಳಿದವರು. ಅವರು ಕೇಳಿದ ಎರಡು ಮೂರು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಚ್ಚು ಕಾಡ್ತಿರೋದು ಅದೇ.

ತಮ್ಮ ತಗೊಳ್ಳೋಣ ಅಂತಾನೆ. ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಮೊದಲ ದಿನದಿಂದ ನನ್ನ ಜೊತೆಗಿದ್ದವರು, ಕನ್ಸಲ್ಟಿಂಗ್‌ನವರು ಬಂದು ಹೋದ ದಿನದಿಂದ ಅವರು ನನ್ನ ಜೊತೆ ಅಷ್ಟಕ್ಕಷ್ಟೇ. ಇಷ್ಟು ವರ್ಷ ಎಲ್ಲಾ ನಾವೇ ನೋಡ್ಕೊಂಡ್ವಿ, ಈಗ ಹೊರಗಿನವರನ್ನ ಕರೆಸ್ತೀವಿ ಅಂದ್ರೆ ಸೋತ ಹಾಗೆ ಅನ್ನಿಸುತ್ತೆ. ಕರೆಸದೇ ಇದ್ರೆ ಹೀಗೇ ಎಷ್ಟು ದಿನ ಅಂತ ರಾತ್ರಿ ನಿದ್ದೆ ಬರಲ್ಲ. ಕನ್ಸಲ್ಟೆಂಟ್ ತಗೊಂಡವರು, ಬೇಡ ಅಂದವರು, ನೀವೇ ಆ ಕೆಲಸ ಮಾಡುವವರು, ದಯವಿಟ್ಟು ಬರೀರಿ.


ಸುಟ್ಟ ಕೈ

ಸರ್, ಮೊದಲು ಸೋಮವಾರದ ಗಡುವು ಯಾರು ಹಾಕಿದ್ದು ಅಂತ ನಿಮ್ಮನ್ನೇ ಕೇಳ್ಕೊಳ್ಳಿ. ಎರಡು ವರ್ಷದ ತೊಂದರೆಗೆ ಎರಡು ವಾರ ತಡವಾದ್ರೆ ಏನೂ ಆಗಲ್ಲ. ಅವಸರ ಅವರದ್ದು, ನಿಮ್ಮದಲ್ಲ.

ನನ್ನ ಕಥೆ ಹೇಳ್ತೀನಿ. ಐದು ವರ್ಷದ ಹಿಂದೆ ಸ್ಟಾಕ್ ಲೆಕ್ಕ ಕೈ ಮೀರಿತ್ತು. ಗೋಡೌನ್‌ನಲ್ಲಿ ಮಾಲು ಇದೆ ಅಂತ ಕಂಪ್ಯೂಟರ್ ಹೇಳುತ್ತೆ, ಹೋಗಿ ನೋಡಿದ್ರೆ ಇಲ್ಲ. ಯಾವ ಸಾಫ್ಟ್‌ವೇರ್ ತಗೋಬೇಕು ಅಂತ ಹೇಳೋಕೆ ಒಬ್ಬ ಕನ್ಸಲ್ಟೆಂಟ್‌ನ ತಗೊಂಡೆ. ಮೂರು ಸಾಫ್ಟ್‌ವೇರ್‌ಗಳನ್ನ ಹೋಲಿಸಿ, ಅಂಕ ಕೊಟ್ಟು, ಚೆಂದದ ಪಟ್ಟಿ ಮಾಡಿ, ಎಲ್ಲಕ್ಕಿಂತ ದುಬಾರಿಯದ್ದನ್ನ ತಗೊಳ್ಳಿ ಅಂದ್ರು. ತಗೊಂಡೆ. ಎಂಟು ತಿಂಗಳ ಮೇಲೆ ಸಾಫ್ಟ್‌ವೇರ್ ಮಾರಿದ ಕಂಪನಿಯ ಹುಡುಗನೊಬ್ಬ ಮಾತಿನ ಮಧ್ಯೆ ಬಾಯಿಬಿಟ್ಟ: ಆ ಕನ್ಸಲ್ಟೆಂಟ್‌ಗೆ ಪ್ರತಿ ಲೈಸೆನ್ಸ್ ಮೇಲೆ ಕಮಿಷನ್ ಹೋಗಿದೆ. ನನ್ನ ಹತ್ತಿರ ಫೀಸು, ಅವರ ಹತ್ತಿರ ಕಮಿಷನ್, ಎರಡೂ ಕಡೆ.

ದುಡ್ಡು ಹೋಗಿದ್ದಕ್ಕಿಂತ ಹೆಚ್ಚು ನೋವಾಗಿದ್ದು ಇನ್ನೊಂದಕ್ಕೆ. ಗೋಡೌನ್ ನೋಡ್ಕೊಳ್ಳುವ ಹುಡುಗಿ ಮೊದಲೇ ಹೇಳಿದ್ಲು, “ಸರ್, ತೊಂದರೆ ಸಾಫ್ಟ್‌ವೇರ್‌ದಲ್ಲ. ರಾತ್ರಿ ಪಾಳಿಯವರು ಮಾಲು ತಗೊಂಡಾಗ ಚೀಟಿ ಬರೀತಿಲ್ಲ” ಅಂತ. ಹೊಸ ಸಾಫ್ಟ್‌ವೇರ್ ಬಂದ ಮೇಲೂ ರಾತ್ರಿ ಪಾಳಿಯವರು ಚೀಟಿ ಬರೀಲಿಲ್ಲ. ಲೆಕ್ಕ ಹಾಗೇ ತಪ್ಪಿತು. ಕೊನೆಗೆ ಚೀಟಿ ಇಲ್ಲದೆ ಮಾಲು ಕೊಡಬಾರದು ಅಂತ ಅವಳಿಗೇ ಅಧಿಕಾರ ಕೊಟ್ಟ ಮೇಲೆ ಸರಿಹೋಯ್ತು.

ಆದ್ದರಿಂದ, ನಾವು ಏನನ್ನಾದ್ರೂ ಕೊಂಡರೆ ಅದರಿಂದ ನಿಮಗೆ ಬೇರೆ ಯಾರಾದ್ರೂ ಏನಾದ್ರೂ ಕೊಡ್ತಾರಾ ಅಂತ ನೇರವಾಗಿ ಕೇಳಿ. ಉತ್ತರ ಬರವಣಿಗೆಯಲ್ಲಿ ಬರಲಿ. ಸಾಚಾ ಮನುಷ್ಯ ಆ ಪ್ರಶ್ನೆಗೆ ಬೇಸರ ಮಾಡ್ಕೊಳ್ಳಲ್ಲ.


ಖಾತೆ ಕಿರ್ದಿ

ಎರಡನೇ ಪಾಳಿ ಅವರೇ, ನಾನು ಸಣ್ಣ ಉದ್ದಿಮೆಗಳ ಲೆಕ್ಕಪತ್ರ ನೋಡುವವಳು. ನೀವು ಒಂದೇ ಉಸಿರಿನಲ್ಲಿ ಎರಡು ಬೇರೆ ತೊಂದರೆ ಹೇಳಿದ್ದೀರಿ. ಕಾಸು ನಿಲ್ಲದಿರುವುದು ಒಂದು, ಆರ್ಡರ್ ತಡವಾಗುವುದು ಇನ್ನೊಂದು. ಅವೆರಡಕ್ಕೂ ಸಂಬಂಧ ಇರಬಹುದು, ಇಲ್ಲದೆಯೂ ಇರಬಹುದು. ಎರಡನ್ನೂ ಒಂದೇ ಮೂಟೆಗೆ ಕಟ್ಟಿದ್ದರಿಂದಲೇ ಅವರ ಪ್ರಪೋಸಲ್ಲೂ ‘ಸಮಗ್ರ’ ಆಗಿದೆ.

ಕನ್ಸಲ್ಟೆಂಟ್‌ಗೆ ಮುಂಗಡ ಕೊಡುವ ಮೊದಲು ಒಂದು ಸಂಜೆ ಕೂತು ಮೂರು ಸಂಖ್ಯೆ ತೆಗೀರಿ. ಗ್ರಾಹಕರಿಂದ ಬರಬೇಕಾದ ಬಾಕಿ ಎಷ್ಟು ದಿನದ ಮಾರಾಟಕ್ಕೆ ಸಮ? ಗೋಡೌನ್‌ನಲ್ಲಿರುವ ಕಾಗದದ ರೀಲು ಮತ್ತು ತಯಾರಾದ ಮಾಲು ಎಷ್ಟು ದಿನದ ಖರ್ಚಿಗೆ ಸಮ? ನೀವು ಪೂರೈಕೆದಾರರಿಗೆ ಎಷ್ಟು ದಿನಕ್ಕೆ ದುಡ್ಡು ಕೊಡ್ತೀರಿ? ಮೊದಲೆರಡನ್ನ ಕೂಡಿಸಿ ಮೂರನೆಯದನ್ನ ಕಳೆದ್ರೆ, ನಿಮ್ಮ ಒಂದು ರೂಪಾಯಿ ಹೊರಗೆ ಹೋಗಿ ಮರಳಿ ಮನೆಗೆ ಬರೋಕೆ ಎಷ್ಟು ದಿನ ಅಂತ ಗೊತ್ತಾಗುತ್ತೆ. ಇದನ್ನೇ ಎರಡು ವರ್ಷದ ಹಿಂದಿನ ಲೆಕ್ಕಕ್ಕೂ ಮಾಡಿ, ಪಕ್ಕಪಕ್ಕ ಇಟ್ಟು ನೋಡಿ.

ಉದಾಹರಣೆಗೆ ದಿನದ ಮಾರಾಟ 100 ಅಂತಿಟ್ಕೊಳ್ಳಿ. ಬಾಕಿ ಬರೋದು 42 ದಿನದಿಂದ 71 ದಿನಕ್ಕೆ ಹೋಗಿದ್ರೆ, 2,900 ಹೊರಗೆ ಸಿಕ್ಕಿಹಾಕ್ಕೊಂಡಿದೆ ಅಂತ ಅರ್ಥ. ಹತ್ತಿರ ಹತ್ತಿರ ಒಂದು ತಿಂಗಳ ಮಾರಾಟ. ಲಾಭ ಇದ್ರೂ ಕಾಸಿಲ್ಲ ಅನ್ನುವ ಬಹುಪಾಲು ಘಟಕಗಳಲ್ಲಿ ನಾನು ಕಂಡದ್ದು ಇದನ್ನೇ. ಮಾರಾಟ ಬೆಳೆದಷ್ಟೂ ಇದು ಕೆಡುತ್ತೆ, ಏಕೆಂದ್ರೆ ಬೆಳವಣಿಗೆಗೆ ನೀವೇ ಸಾಲ ತಂದು ಹಾಕ್ತಿರ್ತೀರಿ. ಇದನ್ನ ಕಂಡುಹಿಡಿಯೋಕೆ ಆರು ತಿಂಗಳ ಪರಿವರ್ತನೆ ಬೇಕಿಲ್ಲ, ಬಾಕಿದಾರರ ಪಟ್ಟಿ ಹಿಡಿದು ವಾರಕ್ಕೊಮ್ಮೆ ಫೋನ್ ಮಾಡುವವರು ಬೇಕು.

ಸುಟ್ಟ ಕೈ ಅವರು ಹೇಳಿದ ಎರಡು ಕಡೆ ಫೀಸಿನ ವಿಷಯ ಸಣ್ಣದಲ್ಲ. 2001ರಲ್ಲಿ ಅಮೆರಿಕದ ದೊಡ್ಡ ಇಂಧನ ಕಂಪನಿ ಎನ್ರಾನ್ ಕುಸಿದಾಗ, ಅದರ ಆಡಿಟರ್ ಆಗಿದ್ದ ಆರ್ಥರ್ ಆಂಡರ್ಸನ್ ಅದೇ ಕಂಪನಿಯಿಂದ ಕನ್ಸಲ್ಟಿಂಗ್ ಫೀಸನ್ನೂ ದೊಡ್ಡ ಮಟ್ಟದಲ್ಲಿ ತಗೊಳ್ತಿದ್ದದ್ದು ಚರ್ಚೆಗೆ ಬಂತು. ಮರುವರ್ಷ, 2002ರಲ್ಲಿ, ಅಮೆರಿಕ ಸರ್ಬೇನ್ಸ್-ಆಕ್ಸ್ಲಿ ಕಾಯ್ದೆ ತಂದು, ಷೇರುಪೇಟೆಯಲ್ಲಿರುವ ಕಂಪನಿಯ ಆಡಿಟರ್ ಅದೇ ಕಂಪನಿಗೆ ಹಲವು ಬಗೆಯ ಸಲಹಾ ಸೇವೆ ಕೊಡೋದನ್ನ ನಿಷೇಧಿಸಿತು. ಸಲಹೆ ಕೊಡುವವರ ಅನ್ನ ಎಲ್ಲಿಂದ ಬರುತ್ತೆ ಅನ್ನೋದು ದೊಡ್ಡವರಿಗೂ ಸಣ್ಣವರಿಗೂ ಒಂದೇ ಪ್ರಶ್ನೆ.


ಎರಡನೇ ಪಾಳಿ

ಮೇಡಂ, ನಾಚಿಕೆಯಾಗುತ್ತೆ, ಆ ಮೂರರಲ್ಲಿ ಒಂದು ಸಂಖ್ಯೆಯೂ ನನಗೆ ಬಾಯಲ್ಲಿ ಬರಲ್ಲ. ಇವತ್ತೇ ಕೂರ್ತೀನಿ. ಸೋಮವಾರ ಅನ್ನೋದು ಅವರೇ ಹೇಳಿದ್ದು ಸರ್, ನೀವು ಹೇಳಿದ್ದು ನಿಜ. ಇನ್ನೂ ಎರಡು ವಾರ ಬೇಕು ಅಂತ ಮೆಸೇಜ್ ಹಾಕಿದ್ದೀನಿ.


ಹೊರಗಿನವಳು

ನಾನು 14 ವರ್ಷದಿಂದ ಕನ್ಸಲ್ಟೆಂಟ್. ಮೊದಲ ಆರು ವರ್ಷ ದೊಡ್ಡ ಸಂಸ್ಥೆಯಲ್ಲಿದ್ದೆ, ಆಮೇಲೆ ಸ್ವಂತ. ಆಚೆ ಕಡೆಯಿಂದ ನೋಡಿದ್ದನ್ನ ಬರೀತೀನಿ.

ನಿಮ್ಮನ್ನ ಮೆಚ್ಚಿಸಿದ ಆ ಹಿರಿಯರು ದಿನವೂ ಬರ್ತಾರೆ ಅಂತ ನೀವು ತಿಳಿದಿದ್ರೆ, ಒಮ್ಮೆ ಕೇಳಿ ನೋಡಿ. ದೊಡ್ಡ ಸಂಸ್ಥೆಗಳಲ್ಲಿ ಕೆಲಸ ತರುವವರು ಬೇರೆ, ಮಾಡುವವರು ಬೇರೆ. ನಾನೂ ಹಾಗೆ 24ನೇ ವಯಸ್ಸಿಗೆ ಒಂದು ಕಾರ್ಖಾನೆಗೆ ಹೋದವಳು. ಬುದ್ಧಿ ಇತ್ತು, ದುಡಿಯುವ ಹಟ ಇತ್ತು, ಆದರೆ ಬಾಯ್ಲರ್ ಮುಂದೆ ನಿಂತಿದ್ದು ಅದೇ ಮೊದಲು. ಅಲ್ಲಿನ ಫೋರ್‌ಮನ್ ತಾಳ್ಮೆಯಿಂದ ಕಲಿಸಿದ್ದನ್ನೇ ನಾನು ಸ್ಲೈಡ್ ಮಾಡಿ ಮಾಲೀಕರಿಗೆ ತೋರಿಸಿದೆ. ಆ ಫೋರ್‌ಮನ್ ಹೆಸರು ಆ ಸ್ಲೈಡಿನಲ್ಲಿ ಇರಲಿಲ್ಲ. ಆ ತಪ್ಪು ಇವತ್ತಿಗೂ ಮನಸ್ಸಿನಲ್ಲಿದೆ. ಈಗ ನನ್ನ ಪ್ರತಿ ವರದಿಯಲ್ಲೂ ಯಾವ ವಿಷಯ ಯಾರು ಹೇಳಿದ್ದು ಅಂತ ಬರೀತೀನಿ.

ಆದರೆ ಕನ್ಸಲ್ಟಿಂಗ್‌ನಿಂದ ಪ್ರಯೋಜನವೇ ಇಲ್ಲ ಅನ್ನೋದನ್ನ ಒಪ್ಪಲ್ಲ. ಇದನ್ನ ಪ್ರಯೋಗ ಮಾಡಿಯೇ ನೋಡಿದ್ದಾರೆ. ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಭಾರತದ ಬಟ್ಟೆ ಗಿರಣಿಗಳಿಗೆ ಒಂದು ಅಂತರರಾಷ್ಟ್ರೀಯ ಸಂಸ್ಥೆಯ ಕನ್ಸಲ್ಟಿಂಗ್‌ನ ಉಚಿತವಾಗಿ ಕೊಡಿಸಿದರು. ಕೆಲವು ಗಿರಣಿಗಳಿಗೆ ಒಂದು ತಿಂಗಳ ತಪಾಸಣೆ ಮಾತ್ರ. ಉಳಿದವಕ್ಕೆ ಆ ತಪಾಸಣೆಯ ಜೊತೆ ನಾಲ್ಕು ತಿಂಗಳು ಪಕ್ಕದಲ್ಲೇ ನಿಂತು ಜಾರಿ ಮಾಡಿಸುವ ಸಹಾಯ. 2013ರಲ್ಲಿ ಫಲಿತಾಂಶ ಪ್ರಕಟವಾಯ್ತು: ಪೂರ್ತಿ ಸಹಾಯ ಪಡೆದ ಗಿರಣಿಗಳ ಉತ್ಪಾದಕತೆ ಮೊದಲ ವರ್ಷ ಶೇ. 17ರಷ್ಟು ಏರಿತ್ತು. ಅಲ್ಲಿ ಮಾಡಿದ್ದು ಮಂತ್ರವಲ್ಲ. ದೋಷವನ್ನ ದಿನವೂ ಬರೆದಿಡೋದು, ನೂಲಿನ ಸ್ಟಾಕ್ ಎಣಿಸೋದು, ಮೆಷಿನ್ ಕೆಡುವ ಮೊದಲೇ ನೋಡ್ಕೊಳ್ಳೋದು, ನೆಲ ಚೊಕ್ಕವಾಗಿಡೋದು, ಇಂಥವೇ.

ಇದರ ಎರಡನೇ ಭಾಗ ಇನ್ನೂ ಮುಖ್ಯ. ಒಂಬತ್ತು ವರ್ಷದ ಮೇಲೆ ಅದೇ ಗಿರಣಿಗಳಿಗೆ ಮತ್ತೆ ಹೋಗಿ ನೋಡಿದರು. ಅಳವಡಿಸಿಕೊಂಡ ಪದ್ಧತಿಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು. ಆದರೂ ತಪಾಸಣೆ ಮಾತ್ರ ಪಡೆದ ಗಿರಣಿಗಳಿಗಿಂತ, ಪೂರ್ತಿ ಸಹಾಯ ಪಡೆದ ಇವು ಸಾಕಷ್ಟು ಮುಂದಿದ್ದವು. ಬಿಟ್ಟುಹೋಗಿದ್ದಕ್ಕೆ ಹೆಚ್ಚಾಗಿ ಕೇಳಿಬಂದ ಕಾರಣ ಎರಡು: ಮ್ಯಾನೇಜರ್‌ಗಳು ಬದಲಾಗಿದ್ದು, ಮತ್ತು ಮಾಲೀಕರಿಗೆ ಅದನ್ನ ನೋಡ್ಕೊಳ್ಳೋಕೆ ಸಮಯ ಇಲ್ಲದ್ದು.

ಆದ್ದರಿಂದ ನಾನು ಕೆಲಸ ಒಪ್ಪೋ ಮೊದಲು ಮಾಲೀಕರನ್ನ ಒಂದೇ ಕೇಳ್ತೀನಿ: ವಾರಕ್ಕೆ ನಾಲ್ಕು ಗಂಟೆ ನನ್ನ ಜೊತೆ ಕೂರ್ತೀರಾ, ಫೋನ್ ಪಕ್ಕಕ್ಕಿಟ್ಟು? ಇಲ್ಲ ಅಂದ್ರೆ ನಾನು ಬರಲ್ಲ. ತಲೆನೋವು ಬೇರೆಯವರ ಹೆಗಲಿಗೆ ಹೋಗಲಿ ಅಂತ ನಮ್ಮನ್ನ ಕರೆಸುವವರಿದ್ದಾರೆ. ಆ ಹೆಗಲು ಆರು ತಿಂಗಳಲ್ಲಿ ಎದ್ದು ಹೋಗುತ್ತೆ, ತಲೆನೋವು ಅಲ್ಲೇ ಇರುತ್ತೆ. ಎರಡನೇ ಪಾಳಿ ಅವರೇ, ನಿಮ್ಮ ಪ್ರಶ್ನೆ ಏನು ಅಂತ ಒಂದೇ ವಾಕ್ಯದಲ್ಲಿ ಬರೆಯೋಕೆ ಆಗುತ್ತಾ ನೋಡಿ. ಆಗದಿದ್ರೆ ಇನ್ನೂ ಯಾರನ್ನೂ ಕರೆಸಬೇಡಿ.


ಮೆಷಿನ್ ಪಕ್ಕದವ

ನಾನು ಮಾಲೀಕ ಅಲ್ಲ, ಪ್ರೊಡಕ್ಷನ್ ಸೂಪರ್‌ವೈಸರ್. ನಿಮ್ಮ ಮ್ಯಾನೇಜರ್ ಯಾಕೆ ಮಾತಾಡ್ತಿಲ್ಲ ಅಂತ ನನಗೆ ಗೊತ್ತು ಅನ್ಸುತ್ತೆ ಸರ್.

ನಮ್ಮಲ್ಲಿ ಮೂರು ವರ್ಷದ ಹಿಂದೆ ಹೀಗೇ ಬಂದ್ರು. ಯಾರು, ಯಾಕೆ ಅಂತ ನಮಗ್ಯಾರೂ ಹೇಳಲಿಲ್ಲ. ಒಂದು ಬೆಳಿಗ್ಗೆ ನೋಡಿದ್ರೆ ಇಬ್ಬರು ಹುಡುಗರು ಸ್ಟಾಪ್‌ವಾಚ್ ಹಿಡ್ಕೊಂಡು ನಿಂತಿದ್ದಾರೆ. ಮಧ್ಯಾಹ್ನದೊಳಗೆ, ಜನ ಕಡಿಮೆ ಮಾಡ್ತಾರಂತೆ ಅಂತ ಸುದ್ದಿ. ಆಮೇಲೆ ಏನಾಯ್ತು? ಎಲ್ಲರೂ ನಿಧಾನ ಮಾಡಿದ್ರು. ಕೆಟ್ಟ ಪೀಸ್ ಬಚ್ಚಿಟ್ರು. ಮೆಷಿನ್‌ನಲ್ಲಿ ಏನು ತೊಂದರೆ ಅಂತ ಕೇಳಿದ್ರೆ ಏನೂ ಇಲ್ಲ ಅಂದ್ರು. ಅವರು ಬರ್ಕೊಂಡು ಹೋಗಿದ್ದೆಲ್ಲ ಸುಳ್ಳು ಅಂಕಿ. ಅದರ ಮೇಲೆ ವರದಿ ಆಯ್ತು.

ಇದು ಹೊಸದೇನಲ್ಲ. 1911ರಲ್ಲಿ ಅಮೆರಿಕದ ವಾಟರ್‌ಟೌನ್ ಆಯುಧ ಕಾರ್ಖಾನೆಯಲ್ಲಿ ಕೆಲಸದ ಪ್ರತಿ ಹೆಜ್ಜೆಗೂ ಹೊತ್ತು ಅಳೆಯುವ ಫ್ರೆಡರಿಕ್ ಟೇಲರ್ ಪದ್ಧತಿ ತರೋಕೆ ಸ್ಟಾಪ್‌ವಾಚ್ ಹಿಡಿದು ಬಂದಾಗ ಅಚ್ಚು ಹಾಕುವ ಕೆಲಸಗಾರರು ಕೆಲಸ ಬಿಟ್ಟು ಹೊರಗೆ ನಡೆದರು. ಸಂಸತ್ತಿನ ಸಮಿತಿಯೇ ಕೂತು ವಿಚಾರಣೆ ಮಾಡಬೇಕಾಯ್ತು. ನೂರು ವರ್ಷ ಕಳೆದ್ರೂ ಕೇಳದೆ ಪಕ್ಕಕ್ಕೆ ಬಂದು ನಿಂತ ಗಡಿಯಾರ ಕಂಡ್ರೆ ಆಗೋದು ಅದೇ.

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅದು ನಮ್ಮ ಪಾಲಿಗೆ ದಿನದ ಮಾತು. ಪ್ಲಾನಿಂಗ್ ಬೋರ್ಡ್ ಬೇಕು ಅಂತ ನಾನು ಎರಡು ವರ್ಷ ಹೇಳಿದ್ದೆ. ಕನ್ಸಲ್ಟೆಂಟ್ ವರದಿಯ 7ನೇ ಪುಟದಲ್ಲಿ ಅದೇ ಬಂದಾಗ ಒಂದೇ ವಾರದಲ್ಲಿ ಬೋರ್ಡ್ ಬಂತು. ಬೋರ್ಡ್ ಬಂದಿದ್ದಕ್ಕೆ ಖುಷಿ ಪಡಬೇಕಾ, ನನ್ನ ಮಾತಿಗೆ ಬೆಲೆ ಇಲ್ಲ ಅಂತ ಅಳಬೇಕಾ ಗೊತ್ತಾಗಲಿಲ್ಲ.

ನಿಮ್ಮ ಮ್ಯಾನೇಜರ್‌ನ ಕೂರಿಸ್ಕೊಂಡು, “ನಿಮ್ಮ ಮೇಲೆ ಅನುಮಾನ ಇಲ್ಲ. ನನಗೆ ದಾರಿ ಕಾಣ್ತಿಲ್ಲ. ಆರ್ಡರ್ ಯಾಕೆ ತಡ ಆಗ್ತಿದೆ ಅಂತ ನಿಮಗೆ ಅನ್ನಿಸುತ್ತೆ?” ಅಂತ ಕೇಳಿ. ಅಡ್ಡ ಮಾತಾಡದೆ ಕೇಳಿಸ್ಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತೆ.


ಖಾಯಂ ಕೆಲಸಗಾರ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅದೇ ಫೀಸಿನಲ್ಲಿ ಅರೆಕಾಲಿಕವಾಗಿ ಒಬ್ಬ ಒಳ್ಳೆ ಅಕೌಂಟೆಂಟ್‌ನೋ ಪ್ಲಾನಿಂಗ್ ನೋಡುವವರನ್ನೋ ಇಟ್ಕೊಳ್ಳಿ. ನೈಜೀರಿಯಾದಲ್ಲಿ ಸಂಶೋಧಕರಾದ ಸ್ಟೀಫನ್ ಆಂಡರ್ಸನ್ ಮತ್ತು ಡೇವಿಡ್ ಮೆಕೆಂಜಿ ಇದನ್ನೇ ಪರೀಕ್ಷೆ ಮಾಡಿದ್ರು. ಒಂದು ಗುಂಪಿನ ಉದ್ದಿಮೆದಾರರಿಗೆ ತರಬೇತಿ, ಇನ್ನೊಂದಕ್ಕೆ ಕನ್ಸಲ್ಟಿಂಗ್, ಮತ್ತೊಂದಕ್ಕೆ ಲೆಕ್ಕಪತ್ರ ಅಥವಾ ಮಾರ್ಕೆಟಿಂಗ್ ತಿಳಿದವರನ್ನ ಕೆಲಸಕ್ಕೆ ಇಟ್ಟುಕೊಳ್ಳೋಕೆ ನೆರವು, ಇನ್ನೂ ಒಂದಕ್ಕೆ ಆ ಕೆಲಸವನ್ನ ಹೊರಗಿನ ಸಂಸ್ಥೆಗೆ ವಹಿಸೋಕೆ ನೆರವು. ಕೊನೆಯ ಎರಡೂ ತರಬೇತಿಗಿಂತ ಚೆನ್ನಾಗಿ ಕೆಲಸ ಮಾಡಿದವು. ಕನ್ಸಲ್ಟಿಂಗ್‌ಗೆ ಕಡಿಮೆಯಿಲ್ಲದ ಫಲ, ಸುಮಾರು ಅರ್ಧ ಖರ್ಚಿನಲ್ಲಿ.

ಮಾಲೀಕನೇ ಎಲ್ಲಾ ಕಲಿಯಬೇಕು ಅನ್ನೋದು ಒಂದು ಹೊರೆ. ಬಲ್ಲವರನ್ನ ಪಕ್ಕದಲ್ಲಿ ಕೂರಿಸ್ಕೊಂಡ್ರೆ ಸಾಕು.


ಹೊರಗಿನವಳು

ಖಾಯಂ ಕೆಲಸಗಾರ ಅವರೇ, ಇದನ್ನ ಒಪ್ತೀನಿ. ಪ್ರತಿ ತಿಂಗಳು ಮಾಡಲೇಬೇಕಾದ ಕೆಲಸಕ್ಕೆ ಕನ್ಸಲ್ಟೆಂಟ್ ಬೇಡ, ಜನ ಬೇಕು. ಬಾಕಿ ವಸೂಲಿ, ಲೆಕ್ಕ, ವಾರದ ಪ್ಲಾನಿಂಗ್ ಎಲ್ಲ ಹಾಗೆ. ಒಮ್ಮೆ ಕಲಿತು ಮುಗಿಸುವ ಕೆಲಸಕ್ಕೆ, ಅಥವಾ ಒಳಗಿನವರು ಎಂದೂ ನೋಡಿರದ ಸಂಗತಿಗೆ ನಮ್ಮನ್ನ ಕರೆಸಿ. ಒಂದೇ ಕನ್ಸಲ್ಟೆಂಟ್‌ಗೆ ಮೂರು ವರ್ಷ ರಿಟೇನರ್ (ಕಾಯಂ ನಿಗದಿ ಫೀಸು) ಕೊಡ್ತಿದ್ರೆ, ಅದು ನೌಕರಿಯೇ. ಅಳಿಯ ಅಲ್ಲ, ಮಗಳ ಗಂಡ.


ಪುಟ್ಟ ಘಟಕ

ಮಧ್ಯೆ ಒಂದು ಪ್ರಶ್ನೆ, ಕ್ಷಮಿಸಿ. ನಮ್ಮ ದೊಡ್ಡ ಗ್ರಾಹಕರು ಗುಣಮಟ್ಟ ನಿರ್ವಹಣೆಯ ಐಎಸ್‌ಒ 9001 ಸರ್ಟಿಫಿಕೇಟ್ ಕೇಳ್ತಿದ್ದಾರೆ. ಒಬ್ಬ ಕನ್ಸಲ್ಟೆಂಟ್, ನಾವೇ ದಾಖಲೆ ಮಾಡಿಕೊಡ್ತೀವಿ, ನಾವೇ ಸರ್ಟಿಫಿಕೇಟನ್ನೂ ಕೊಡ್ತೀವಿ, ಗ್ಯಾರಂಟಿ ಅಂತಾರೆ. ಒಳ್ಳೇದಲ್ವಾ?


ಖಾತೆ ಕಿರ್ದಿ

ಬೇಡ. ಐಎಸ್‌ಒ ಅನ್ನುವ ಸಂಸ್ಥೆ ಮಾನದಂಡ ಬರೆಯುತ್ತೆ, ತಾನಾಗಿ ಯಾರಿಗೂ ಸರ್ಟಿಫಿಕೇಟ್ ಕೊಡಲ್ಲ. ಕೊಡೋದು ಬೇರೆ ಪ್ರಮಾಣೀಕರಣ ಸಂಸ್ಥೆಗಳು. ಆ ಸಂಸ್ಥೆಗಳಿಗೂ ಐಎಸ್‌ಒ/ಐಇಸಿ 17021-1 ಅನ್ನುವ ನಿಯಮ ಇದೆ. ಅದರ ಪ್ರಕಾರ ಪ್ರಮಾಣೀಕರಣ ಸಂಸ್ಥೆ ಮ್ಯಾನೇಜ್‌ಮೆಂಟ್ ಸಿಸ್ಟಂ ಕನ್ಸಲ್ಟಿಂಗ್ ಮಾಡುವಂತಿಲ್ಲ. ನಿಮಗೆ ಸಲಹೆ ಕೊಟ್ಟ ವ್ಯಕ್ತಿಯನ್ನ, ಆ ಕೆಲಸ ಮುಗಿದು ಎರಡು ವರ್ಷ ಆಗುವವರೆಗೆ ನಿಮ್ಮ ಆಡಿಟ್‌ಗೆ ಕಳಿಸುವಂತಿಲ್ಲ. ಪಾಠ ಹೇಳಿದವರೇ ಗ್ಯಾರಂಟಿ ಕೊಟ್ಟು ಪರೀಕ್ಷೆಯನ್ನೂ ತಿದ್ದಿದ್ರೆ ಆ ಸರ್ಟಿಫಿಕೇಟ್‌ನ ನಿಮ್ಮ ಗ್ರಾಹಕರೇ ತಳ್ಳಿಹಾಕಬಹುದು. ಅಂದಹಾಗೆ, ಕನ್ಸಲ್ಟೆಂಟ್ ಇಟ್ಕೊಳ್ಳಲೇಬೇಕು ಅಂತ 9001ರಲ್ಲಿ ಎಲ್ಲೂ ಇಲ್ಲ.


ಕರಾರು ಓದುವವ

ಕರಾರಿನ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಉದ್ದವಾಗಿ ಬರೀತೀನಿ. ಉದ್ದಿಮೆದಾರರ ಕರಾರು ನೋಡೋದೇ ನನ್ನ ಕೆಲಸ. ಜಗಳ ಆದ ಮೇಲೆ ನನ್ನ ಹತ್ತಿರ ಬರುವವರೇ ಹೆಚ್ಚು.

ಕೆಲಸದ ವ್ಯಾಪ್ತಿಯನ್ನ ‘ಕಾರ್ಯಕ್ಷಮತೆ ಸುಧಾರಣೆ’ ಅಂತ ಬರೆದ್ರೆ ಬರೆಯದಿದ್ದ ಹಾಗೆ. ಮುಗಿದ ದಿನ ನಿಮ್ಮ ಕೈಯಲ್ಲಿ ಏನಿರಬೇಕು ಅಂತ ಬರೀರಿ. ‘ವಾರದ ಪ್ಲಾನ್ ಮಾಡುವ ಹಾಳೆ, ಮತ್ತು ನಮ್ಮ ಇಬ್ಬರು ನೌಕರರು ಕನ್ಸಲ್ಟೆಂಟ್ ನೆರವಿಲ್ಲದೆ ಅದನ್ನ ಎರಡು ವಾರ ನಡೆಸಿ ತೋರಿಸಿರಬೇಕು’ ಅನ್ನೋದು ಅಳೆಯಬಹುದಾದ ಮಾತು. ಯಾರು ಬರ್ತಾರೆ, ಹೆಸರು ಸಮೇತ, ವಾರಕ್ಕೆ ಎಷ್ಟು ದಿನ, ಅವರು ಬದಲಾದ್ರೆ ನಿಮ್ಮ ಒಪ್ಪಿಗೆ ಬೇಕು ಅನ್ನೋದೂ ಇರಲಿ.

ಅರ್ಧ ಮುಂಗಡ ಕೊಡಬೇಡಿ. ಸಣ್ಣ ಮುಂಗಡ, ಆಮೇಲೆ ಮುಗಿದ ಕೆಲಸಕ್ಕೆ ತಕ್ಕಂತೆ ಕಂತು. ಕೊನೆಯ ಕಂತು ನಿಮ್ಮವರು ತಾವಾಗಿ ನಡೆಸಿ ತೋರಿಸಿದ ಮೇಲೆ. ಅದಕ್ಕಿಂತ ಒಳ್ಳೇದು, ಮೊದಲು ಮೂರು ವಾರದ ತಪಾಸಣೆಗೆ ಮಾತ್ರ ಬೇರೆ ಕರಾರು ಮಾಡಿ, ಪೂರ್ತಿ ಫೀಸು ಕೊಡಿ. ಮುಂದಿನ ಕೆಲಸ ಅವರಿಗೇ ಕೊಡಬೇಕೆಂಬ ಕಟ್ಟುಪಾಡು ಇರಬಾರದು. ಪುಕ್ಕಟೆ ತಪಾಸಣೆ ಅಂತ ಬಂದ್ರೆ ಅದರ ಕೊನೆಯ ಪುಟದಲ್ಲಿ ದೊಡ್ಡ ಕೆಲಸದ ಕೊಟೇಶನ್ ಇದ್ದೇ ಇರುತ್ತೆ.

ಉಳಿಸಿದ ಖರ್ಚಿನಲ್ಲಿ ಪಾಲು ಕೊಡಿ, ಫೀಸೇ ಬೇಡ ಅನ್ನುವವರಿದ್ದಾರೆ. ಕೇಳೋಕೆ ಇದಕ್ಕಿಂತ ನ್ಯಾಯ ಇಲ್ಲ ಅನ್ಸುತ್ತೆ. ನನ್ನ ಹತ್ತಿರ ಬಂದ ಒಂದು ವ್ಯಾಜ್ಯದಲ್ಲಿ ಹೀಗೇ ಮಾಡಿ, ಮೆಷಿನ್ ರಿಪೇರಿ ಮತ್ತು ಬಿಡಿಭಾಗದ ಖರ್ಚು ಕಡಿತ ಮಾಡಿದ್ರು. ಮೊದಲ ವರ್ಷ ಉಳಿತಾಯ ಕಂಡಿತು, ಪಾಲು ಹೋಯ್ತು. ಎರಡನೇ ವರ್ಷ ಮೆಷಿನ್ ಒಂದಾದ ಮೇಲೊಂದು ನಿಂತವು. ಉಳಿತಾಯ ಅಂದ್ರೆ ಏನು, ಯಾವ ವರ್ಷಕ್ಕೆ ಹೋಲಿಸಿ, ಎಷ್ಟು ಕಾಲ ನಿಂತರೆ ಲೆಕ್ಕಕ್ಕೆ ಬರುತ್ತೆ ಅಂತ ಮೊದಲೇ ಬರೆಯದೆ ಇದಕ್ಕೆ ಕೈ ಹಾಕಬೇಡಿ.

ಹೆಚ್ಚಿನವರು ಮರೆಯೋದು ಒಡೆತನ. ದುಡ್ಡು ಕೊಟ್ಟವನು ನಾನು, ಆದ್ದರಿಂದ ಅವರು ಮಾಡಿದ ಸಾಫ್ಟ್‌ವೇರ್, ಕೈಪಿಡಿ, ವಿನ್ಯಾಸ ಎಲ್ಲ ನನ್ನದು ಅಂದ್ಕೊಳ್ತೀವಿ. ಹಲವು ದೇಶಗಳ ಕಾನೂನು ಹಾಗೆ ಹೇಳಲ್ಲ. ಸಂಬಳದ ನೌಕರ ಮಾಡಿದ್ದು ಒಂದು ಲೆಕ್ಕ, ಸ್ವತಂತ್ರವಾಗಿ ಗುತ್ತಿಗೆ ಹಿಡಿದವರು ಮಾಡಿದ್ದು ಇನ್ನೊಂದು. ಅಮೆರಿಕದಲ್ಲಿ ಒಂದು ಸ್ವಯಂಸೇವಾ ಸಂಸ್ಥೆ ಶಿಲ್ಪಿಯೊಬ್ಬರಿಂದ ಮನೆಯಿಲ್ಲದ ಕುಟುಂಬದ ಶಿಲ್ಪ ಮಾಡಿಸಿತ್ತು. ಹಕ್ಕುಸ್ವಾಮ್ಯದ ಬಗ್ಗೆ ಬರವಣಿಗೆ ಏನೂ ಇರಲಿಲ್ಲ. ಜಗಳ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಯ್ತು. ಶಿಲ್ಪಿ ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ, ಆದ್ದರಿಂದ ಮಾಡಿಸಿದ ಮಾತ್ರಕ್ಕೆ ಅದು ಸಂಸ್ಥೆಯ ಕೃತಿ ಆಗಲ್ಲ ಅಂತ 1989ರಲ್ಲಿ ತೀರ್ಪು ಬಂತು. ನಿಮ್ಮ ದೇಶದ ಕಾನೂನು ಏನೇ ಇರಲಿ, ಹಕ್ಕು ನಮಗೆ ವರ್ಗಾವಣೆ ಅಂತ ಒಂದು ಸಾಲು ಬರೆಸಿ.

ಇನ್ನು ಪಾಸ್‌ವರ್ಡ್. ನಿಮ್ಮದನ್ನ ಕೊಡಬೇಡಿ, ಅವರಿಗೇ ಬೇರೆ ಲಾಗಿನ್ ಮಾಡಿಕೊಟ್ಟು, ಕೆಲಸ ಮುಗಿದ ದಿನ ಮುಚ್ಚಿ. ಗ್ರಾಹಕರ ಪಟ್ಟಿ, ದರಪಟ್ಟಿ ನೋಡ್ತಾರೆ ಅಂದ್ರೆ ಗೌಪ್ಯತೆಯ ಕರಾರು ಬೇಕು, ನಿಮ್ಮ ಪೈಪೋಟಿಯವರಿಗೆ ಕೆಲಸ ಮಾಡ್ತಿದ್ದಾರಾ ಅಂತಲೂ ಕೇಳಬೇಕು. ಬೇಡ ಅನ್ನಿಸಿದ್ರೆ 15 ದಿನದ ನೋಟಿಸ್‌ನಲ್ಲಿ ಬಿಡುವ ದಾರಿ ಇರಲಿ.


ಸುಟ್ಟ ಕೈ

ರೆಫರೆನ್ಸ್ ವಿಷಯ ಸೇರಿಸ್ತೀನಿ. ಅವರು ಕೊಡುವ ಮೂರು ಹೆಸರಿನವರು ಹೊಗಳೇ ಹೊಗಳ್ತಾರೆ. ಎರಡು ವರ್ಷದ ಹಿಂದೆ ಕೆಲಸ ಮುಗಿದ ಒಂದು ಕಡೆ ಯಾವುದು ಅಂತ ಕೇಳಿ, ಅಲ್ಲಿಗೆ ಫೋನ್ ಮಾಡಿ, ಅವರು ಹೇಳಿದ್ದರಲ್ಲಿ ಇವತ್ತು ಏನು ನಡೀತಿದೆ ಅಂತ ಕೇಳಿ. ನಾನು ಎರಡನೇ ಸಲ ಹೀಗೇ ಮಾಡಿದೆ. ಒಬ್ಬ ಮಾಲೀಕರು ಫೋನ್‌ನಲ್ಲೇ, “ನಿಲ್ಲಿ, ನಮ್ಮ ಸ್ಟೋರ್ ಹುಡುಗನನ್ನೇ ಕೇಳಿ” ಅಂತ ಅವನ ಕೈಗೆ ಕೊಟ್ರು. ಅವನು ಹತ್ತು ನಿಮಿಷ ಬಿಡದೆ ವಿವರಿಸಿದ. ಆ ಕನ್ಸಲ್ಟೆಂಟ್‌ನ ಕಣ್ಣುಮುಚ್ಚಿ ತಗೊಂಡೆ, ಇವತ್ತಿಗೂ ಅವರ ಮೇಲೆ ಗೌರವ ಇದೆ.


ಎರಡನೇ ಪಾಳಿ

ಹನ್ನೆರಡು ದಿನ ಆಯ್ತು, ಏನಾಯ್ತು ಅಂತ ಬರೀತೀನಿ.

ಮೇಡಂ ಹೇಳಿದ ಸಂಖ್ಯೆ ತೆಗೆದ್ವಿ, ನಾನು ಮತ್ತು ತಮ್ಮ, ಎರಡು ಸಂಜೆ. ಬಾಕಿ ಎರಡು ವರ್ಷದ ಹಿಂದೆ 48 ದಿನ ಇತ್ತು, ಈಗ 66. ಅದರಲ್ಲೂ ಇಬ್ಬರು ಗ್ರಾಹಕರದ್ದೇ ಮುಕ್ಕಾಲು ಪಾಲು. ತಡವಾಗಿ ಹೋದ ಮಾಲಿನ ಬಿಲ್‌ನ ಅವರೂ ತಡ ಮಾಡ್ತಿದ್ದಾರೆ ಅಂತ ಆಗ ಗೊತ್ತಾಯ್ತು. ಅಂದ್ರೆ ಎರಡು ತೊಂದರೆಗೂ ಸಂಬಂಧ ಇತ್ತು. ತಮ್ಮ ಈಗ ಮಂಗಳವಾರ ಮತ್ತು ಶುಕ್ರವಾರ ಬಾಕಿಗೆ ಕೂರ್ತಾನೆ, ಬೇರೆ ಕೆಲಸ ಇಲ್ಲ.

ಮ್ಯಾನೇಜರ್ ಜೊತೆ ಕೂತೆ. ಮೆಷಿನ್ ಪಕ್ಕದವ ಅವರು ಬರೆದ ಮಾತನ್ನೇ ಹೇಳಿದೆ, ಸುಮಾರು ಅದೇ ಪದಗಳಲ್ಲಿ. ತುಂಬಾ ಹೊತ್ತು ಸುಮ್ಮನಿದ್ರು. ಆಮೇಲೆ ಡ್ರಾಯರ್‌ನಿಂದ ಒಂದು ನೋಟ್‌ಬುಕ್ ತೆಗೆದ್ರು. ಒಂದೂವರೆ ವರ್ಷದಿಂದ ಪ್ರತಿ ಡೈ (ಪೆಟ್ಟಿಗೆಯ ಆಕಾರಕ್ಕೆ ರಟ್ಟು ಕತ್ತರಿಸುವ ಅಚ್ಚು) ಬದಲಿಸೋಕೆ ಎಷ್ಟು ಹೊತ್ತು ಹಿಡೀತು ಅಂತ ಬರೆದಿಟ್ಟಿದ್ದಾರೆ. ಮೊದಲು ದಿನಕ್ಕೆ ಮೂರು ಸಲ ಬದಲಿಸ್ತಿದ್ವಿ, ಈಗ ಎಂಟು ಒಂಬತ್ತು ಸಲ. ಸಣ್ಣ ಸಣ್ಣ ಆರ್ಡರ್ ಹೆಚ್ಚಾಗಿವೆ, ನಾನೇ ಒಪ್ಕೊಂಡು ಬಂದವು. ಸರಾಸರಿ 50 ನಿಮಿಷ. ದಿನಕ್ಕೆ ಏಳು ಗಂಟೆ ಮೆಷಿನ್ ಸುಮ್ಮನೆ ನಿಂತಿರುತ್ತೆ. ಯಾಕೆ ನನಗೆ ತೋರಿಸಲಿಲ್ಲ ಅಂದೆ. ಎರಡು ಸಲ ತಂದಿದ್ದೆ, ನೀವು ಫೋನ್‌ನಲ್ಲಿದ್ರಿ ಅಂದ್ರು. ನನಗೆ ಮಾತು ಹೊರಡಲಿಲ್ಲ.

ಈಗ ಒಂದು ವಾಕ್ಯದ ಪ್ರಶ್ನೆ ಸಿಕ್ಕಿದೆ: ಡೈ ಬದಲಿಸುವ ಹೊತ್ತನ್ನ 50 ನಿಮಿಷದಿಂದ 20ಕ್ಕೆ ಹೇಗೆ ಇಳಿಸೋದು? ಇದಕ್ಕೆ ಮಾತ್ರ ಬರ್ತೀರಾ ಅಂತ ಆ ಸಂಸ್ಥೆಯವರನ್ನ ಕೇಳಿದೆ. ಬಿಡಿಬಿಡಿಯಾಗಿ ಮಾಡಲ್ಲ ಅಂದ್ರು, ಗೌರವದಿಂದಲೇ ಹೇಳಿದ್ರು. ಬೇರೆ ಒಬ್ಬರು ಸಿಕ್ಕಿದ್ದಾರೆ. ಪ್ರಿಂಟಿಂಗ್ ಮತ್ತು ಪ್ಯಾಕಿಂಗ್ ಮೆಷಿನ್‌ಗಳಲ್ಲಿ 20 ವರ್ಷ ಕೆಲಸ ಮಾಡಿದವರು. ಎರಡು ಹಳೇ ಕಡೆ ಫೋನ್ ಮಾಡಿದೆ. ಮೂರು ವಾರದ ಕರಾರು, ಅವರೇ ಖುದ್ದು ಬರ್ತಾರೆ. ನನ್ನ ನಾಲ್ಕು ಗಂಟೆಯನ್ನೂ ಕರಾರಿನಲ್ಲೇ ಬರೆದಿದ್ದೀವಿ.


ಹೊರಗಿನವಳು

ಓದಿ ಮನಸ್ಸು ತುಂಬಿತು. ನಿಮ್ಮ ಮ್ಯಾನೇಜರ್‌ಗೆ ಒಂದು ವಿಷಯ ಹೇಳಿ. ಡೈ ಬೇಗ ಬದಲಿಸುವ ಪದ್ಧತಿಯನ್ನ ರೂಪಿಸಿದ ಶಿಗೆಯೊ ಶಿಂಗೊ ಟೊಯೊಟಾದ ನೌಕರರಲ್ಲ, ಹೊರಗಿನ ಸಲಹೆಗಾರರು. ಅವರೇ ಬರೆದಿರುವಂತೆ, 1969ರಲ್ಲಿ ಟೊಯೊಟಾದ 1,000 ಟನ್ ಪ್ರೆಸ್‌ನಲ್ಲಿ ಡೈ ಬದಲಿಸಿ ಸೆಟ್ ಮಾಡೋಕೆ ನಾಲ್ಕು ಗಂಟೆ ಹಿಡೀತಿತ್ತು. ಆರು ತಿಂಗಳಲ್ಲಿ 90 ನಿಮಿಷಕ್ಕೆ ಇಳಿಯಿತು. ಸಾಲದು, ಮೂರು ನಿಮಿಷಕ್ಕೆ ತನ್ನಿ ಅಂತ ಆಡಳಿತದವರು ಪಟ್ಟು ಹಿಡಿದ್ರು. ಅದೂ ಆಯ್ತು. ಮಾಡಿದ್ದು ಮೆಷಿನ್ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮುಗಿಸಿಟ್ಟುಕೊಳ್ಳಬಹುದಾದ್ದು ಯಾವುದು ಅಂತ ಬೇರೆ ಮಾಡಿದ್ದು. ಆ ನೋಟ್‌ಬುಕ್‌ನಲ್ಲಿ ಈ ಎರಡನ್ನ ಎರಡು ಬಣ್ಣದಲ್ಲಿ ಗುರುತು ಹಾಕೋಕೆ ಈಗಲೇ ಶುರು ಮಾಡಬಹುದು, ಕನ್ಸಲ್ಟೆಂಟ್ ಬರುವ ಮೊದಲೇ.


ಮೆಷಿನ್ ಪಕ್ಕದವ

ಸರ್, ಒಂದೇ ಪ್ರಶ್ನೆ. ಹೊಸಬರು ಬಂದ ದಿನ ಜನರಿಗೆ ಯಾರು ಹೇಳ್ತಾರೆ?


ಎರಡನೇ ಪಾಳಿ

ಮ್ಯಾನೇಜರೇ ಹೇಳ್ತಾರೆ, ನಾನು ಪಕ್ಕದಲ್ಲಿ ನಿಂತಿರ್ತೀನಿ. ಯಾರ ಕೆಲಸವೂ ಹೋಗಲ್ಲ ಅನ್ನೋದನ್ನ ಮಾತ್ರ ನಾನೇ ಹೇಳಬೇಕು ಅಂದ್ರು, ಅದು ಸರಿ. ಗುರುವಾರ ಬೆಳಿಗ್ಗೆ ಪಾಳಿ ಶುರುವಾಗೋ ಮೊದಲು ಎಲ್ಲರನ್ನೂ ಸೇರಿಸಿದ್ದೀವಿ. ನೋಟ್‌ಬುಕ್ ಅವರ ಹತ್ತಿರವೇ ಇದೆ, ಕೆಂಪು ಮತ್ತು ನೀಲಿ ಪೆನ್ ಇವತ್ತು ತಂದ್ಕೊಟ್ಟೆ.